ನೀರೆತ್ತುವ ಪಂಪುಗಳಲ್ಲಿ ಕ್ಯಾವಿಟೇಷನ್: ಕಾರಣ, ಲಕ್ಷಣ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಜನಜೀವನವು ತುಂಗಾ ಮತ್ತು ಭದ್ರಾ ನದಿಗಳ ನೀರನ್ನು ಅವಲಂಬಿಸಿರುತ್ತದೆ. ಮನೆಯ ಸಂಪಿನಿಂದ ಮೇಲ್ತೊಟ್ಟಿಗೆ, ಬಾವಿಯಿಂದ ಅಡಿಕೆ ತೋಟಕ್ಕೆ, ನದಿಯಿಂದ ನೀರು ಶುದ್ಧೀಕರಣ ಘಟಕಕ್ಕೆ ನೀರು ತಲುಪಬೇಕಾದಲ್ಲಿ ಎಲ್ಲೆಡೆಯೂ ಪಂಪು ಅಗತ್ಯವಾಗಿರುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಂತೆ ಪಂಪಿನೊಳಗೆ ಜಲ್ಲಿಕಲ್ಲು ಉರುಳುವಂತಹ ಸದ್ದು ಕೇಳಿಬರುವುದು, ನೀರಿನ ಪ್ರಮಾಣ ಕುಗ್ಗುವುದು, ಕೆಲವೇ ತಿಂಗಳಲ್ಲಿ ಇಂಪೆಲ್ಲರ್ ತೂತುಬಿದ್ದು ಹಾಳಾಗುವುದು ಅನೇಕರ ಅನುಭವಕ್ಕೆ ಬಂದಿರುತ್ತದೆ. ಇಂತಹ ಸಂದರ್ಭದಲ್ಲಿ ಮೋಟಾರಿನ ಶಕ್ತಿ ಸಾಲದೆಂದು ಭಾವಿಸಿ ಹೆಚ್ಚಿನ ಅಶ್ವಶಕ್ತಿಯ ಮೋಟಾರು ಖರೀದಿಸಲು ಮತ್ತು ಅದಕ್ಕಾಗಿ ವಿದ್ಯುತ್ ಹೊರೆ ಹೆಚ್ಚಿಸಿಕೊಳ್ಳಲು ಅರ್ಜಿ ಸಲ್ಲಿಸುವುದು ಸಾಮಾನ್ಯವಾಗಿದೆ. ಹಲವು ಸಂದರ್ಭಗಳಲ್ಲಿ ಈ ವೆಚ್ಚದಿಂದ ಪ್ರಯೋಜನವಾಗುವುದಿಲ್ಲ. ತೊಂದರೆಯು ಇನ್ನಷ್ಟು ಹೆಚ್ಚುವ ಸಾಧ್ಯತೆಯೂ ಇರುತ್ತದೆ.

ಈ ತೊಂದರೆಗೆ ಕಾರಣವಾದ ಭೌತಿಕ ವಿದ್ಯಮಾನವನ್ನು ಕ್ಯಾವಿಟೇಷನ್ ಎಂದು ಕರೆಯಲಾಗುತ್ತದೆ. ದ್ರವದ ಒತ್ತಡವು ಹಠಾತ್ತನೆ ಕುಸಿದಾಗ ಅದರೊಳಗೆ ಆವಿಯ ಕುಹರಗಳು, ಅಂದರೆ ಗುಳ್ಳೆಗಳು ಹುಟ್ಟಿ, ಒತ್ತಡ ಮರಳಿ ಏರಿದಾಗ ರಭಸದಿಂದ ಕುಸಿಯುವುದೇ ಕ್ಯಾವಿಟೇಷನ್. ನೀರಿನ ಸಂಪರ್ಕ, ಪಂಪ್‌ಸೆಟ್ ಅಥವಾ ವಿದ್ಯುತ್ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಇದರ ವಿವರಗಳನ್ನು ಈ ಕೆಳಕಂಡಂತೆ ನೀಡಲಾಗಿದೆ.

1. ನೀರು ಕುದಿಯಲು ಶಾಖವೊಂದೇ ಕಾರಣವಲ್ಲ

ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕುದಿಯುತ್ತದೆ ಎಂಬುದು ಸಮುದ್ರಮಟ್ಟದ ವಾಯುಒತ್ತಡಕ್ಕೆ ಮಾತ್ರ ಅನ್ವಯಿಸುವ ಮಾತು. ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಕುದಿಯುತ್ತದೆ. ಆದುದರಿಂದಲೇ ಬೇಳೆ ಬೇಗ ಬೇಯುತ್ತದೆ. ಇದಕ್ಕೆ ವಿರುದ್ಧವಾಗಿ, ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸುಮಾರು 1,930 ಮೀಟರ್ ಎತ್ತರವಿರುವ ಮುಳ್ಳಯ್ಯನಗಿರಿಯ ತುದಿಯಲ್ಲಿ ವಾಯುಒತ್ತಡ ಕಡಿಮೆ ಇರುವುದರಿಂದ ನೀರು ಸುಮಾರು 93 ರಿಂದ 94 ಡಿಗ್ರಿಯಲ್ಲಿಯೇ ಕುದಿಯುತ್ತದೆ.

ಒತ್ತಡವನ್ನು ಇನ್ನೂ ತಗ್ಗಿಸುತ್ತಾ ಹೋದಲ್ಲಿ ನೀರು ಒಲೆಯ ಮೇಲಿಲ್ಲದಿದ್ದರೂ ಕುದಿಯುತ್ತದೆ. ಯಾವುದೇ ಉಷ್ಣಾಂಶದಲ್ಲಿ ನೀರು ಆವಿಯಾಗಲು ಆರಂಭಿಸುವ ಒತ್ತಡವನ್ನು ಆ ಉಷ್ಣಾಂಶದ ಆವಿಯ ಒತ್ತಡ ಎನ್ನಲಾಗುತ್ತದೆ. ನೀರಿನ ಸ್ತಂಭದ ಎತ್ತರದಲ್ಲಿ ಹೇಳುವುದಾದರೆ ಇದರ ಅಂದಾಜು ಪ್ರಮಾಣ ಹೀಗಿರುತ್ತದೆ:

20 ಡಿಗ್ರಿ ಸೆಲ್ಸಿಯಸ್ – 0.24 ಮೀಟರ್
30 ಡಿಗ್ರಿ ಸೆಲ್ಸಿಯಸ್ – 0.43 ಮೀಟರ್
40 ಡಿಗ್ರಿ ಸೆಲ್ಸಿಯಸ್ – 0.76 ಮೀಟರ್
60 ಡಿಗ್ರಿ ಸೆಲ್ಸಿಯಸ್ – 2.1 ಮೀಟರ್
80 ಡಿಗ್ರಿ ಸೆಲ್ಸಿಯಸ್ – 5.0 ಮೀಟರ್

ಅಂದರೆ 30 ಡಿಗ್ರಿ ಉಷ್ಣಾಂಶದ ನದಿ ನೀರಿನ ಮೇಲಿನ ಒತ್ತಡವು 0.43 ಮೀಟರ್ ನೀರಿನ ಸ್ತಂಭಕ್ಕೆ ಸಮನಾದ ಮಟ್ಟಕ್ಕಿಂತ ಕೆಳಗಿಳಿದಲ್ಲಿ ಆ ನೀರು ತಣ್ಣಗಿರುವಂತೆಯೇ ಕುದಿಯತೊಡಗುತ್ತದೆ.

ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಮನೆಯಲ್ಲಿಯೇ ನೋಡಬಹುದು. ಸಿರಿಂಜಿನ ಕಾಲು ಭಾಗದಷ್ಟು ಬೆಚ್ಚಗಿನ ನೀರು ತುಂಬಿ, ಒಳಗಿನ ಗಾಳಿಯನ್ನು ಹೊರಹಾಕಿ, ಮೂತಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ ಹಿಡಿಕೆಯನ್ನು ಬಲವಾಗಿ ಎಳೆದಾಗ ನೀರಿನಲ್ಲಿ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ಬರುವುವು ನೀರಿನಲ್ಲಿ ಕರಗಿದ್ದ ಗಾಳಿಯ ಗುಳ್ಳೆಗಳು; ನಂತರ ನೀರಿನ ಆವಿಯೂ ಸೇರುತ್ತದೆ. ಹಿಡಿಕೆಯನ್ನು ಬಿಟ್ಟ ಕೂಡಲೇ ಆವಿಯ ಗುಳ್ಳೆಗಳು ಇಲ್ಲವಾಗುತ್ತವೆ. ಪಂಪಿನೊಳಗೆ ನಡೆಯುವುದೂ ಇದೇ ಕ್ರಿಯೆಯಾಗಿದ್ದು, ಅಲ್ಲಿ ಇದು ನಿರಂತರವಾಗಿ ಹಾಗೂ ಅತಿ ವೇಗವಾಗಿ ನಡೆಯುತ್ತದೆ.

2. ಗುಳ್ಳೆ ಹುಟ್ಟುವ ಬಗೆ

ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಕಡಿಮೆಯಾಗುತ್ತದೆ. ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಬಂಧವನ್ನು ವಿವರಿಸಿರುತ್ತಾನೆ. ಪಂಪಿನ ಇಂಪೆಲ್ಲರಿನ ನಡುಬಾಯಿಯಲ್ಲಿ ನೀರು ವೇಗವಾಗಿ ತಿರುಗಿ ರೆಕ್ಕೆಗಳ ಅಂಚನ್ನು ದಾಟುವಾಗ ಒತ್ತಡವು ಅತ್ಯಂತ ಕೆಳಮಟ್ಟ ತಲುಪುತ್ತದೆ. ಅರ್ಧ ಮುಚ್ಚಿದ ವಾಲ್ವಿನ ಸಂದಿಯಲ್ಲಿಯೂ, ಹಡಗಿನ ಪ್ರೊಪೆಲ್ಲರಿನ ಬೆನ್ನಿನ ಮೇಲೂ ಹೀಗೆಯೇ ಆಗುತ್ತದೆ.

ಅತ್ಯಂತ ಶುದ್ಧವಾದ, ಗಾಳಿಯೇ ಇಲ್ಲದ ನೀರು ಸುಲಭವಾಗಿ ಒಡೆಯುವುದಿಲ್ಲ. ಆದರೆ ನದಿ, ಬಾವಿ, ಕೆರೆಗಳ ನೀರಿನಲ್ಲಿ ಕರಗಿದ ಗಾಳಿ, ದೂಳಿನ ಕಣಗಳು ಹಾಗೂ ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳು ಇದ್ದೇ ಇರುತ್ತವೆ. ಒತ್ತಡ ಕುಸಿದೊಡನೆ ಇವುಗಳೇ ಬೀಜಗಳಂತೆ ವರ್ತಿಸಿ ಸುತ್ತಲಿನ ನೀರು ಆವಿಯಾಗಿ ಇವುಗಳೊಳಗೆ ತುಂಬಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ 1 ಲೀಟರ್ ನೀರು ಪೂರ್ಣವಾಗಿ ಆವಿಯಾದಲ್ಲಿ ಅದು ಸುಮಾರು 33,000 ಲೀಟರ್ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಅತ್ಯಲ್ಪ ನೀರು ಆವಿಯಾದರೂ ಪಂಪಿನ ದಾರಿಯ ಬಹುಭಾಗವನ್ನು ಗುಳ್ಳೆಗಳೇ ತುಂಬಿ ನೀರಿನ ಹರಿವು ಕುಗ್ಗುತ್ತದೆ.

3. ಗುಳ್ಳೆ ಕುಸಿಯುವಾಗ ಆಗುವ ಹಾನಿ

ಗುಳ್ಳೆ ಹುಟ್ಟುವುದಕ್ಕಿಂತ ಅದು ಕುಸಿಯುವುದು ಹೆಚ್ಚು ಹಾನಿಕರ. ಇಂಪೆಲ್ಲರಿನ ನಡುಭಾಗದಲ್ಲಿ ಹುಟ್ಟಿದ ಗುಳ್ಳೆಯು ರೆಕ್ಕೆಯ ಗುಂಟ ಸಾಗಿ ಒತ್ತಡ ಹೆಚ್ಚಿರುವ ಜಾಗವನ್ನು ತಲುಪಿದೊಡನೆ ಅದರೊಳಗಿನ ಆವಿ ಮತ್ತೆ ನೀರಾಗುತ್ತದೆ. ಆಗ ಒಳಗೆ ಹೆಚ್ಚುಕಡಿಮೆ ಏನೂ ಉಳಿಯದೆ, ಸುತ್ತಲಿನ ನೀರು ಎಲ್ಲ ಕಡೆಯಿಂದಲೂ ಒಳನುಗ್ಗುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯು ಸಾಮಾನ್ಯ ವಾಯುಒತ್ತಡದಲ್ಲಿ ಕುಸಿಯಲು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಕಾಲ ಸಾಕಾಗುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1917ರಲ್ಲಿ ಈ ಕುಸಿತದ ಗಣಿತವನ್ನು ಮಂಡಿಸಿ, ಕೊನೆಯ ಕ್ಷಣದಲ್ಲಿ ಅಪಾರ ಒತ್ತಡ ಉಂಟಾಗುವುದೆಂದು ತೋರಿಸಿರುತ್ತಾನೆ.

ಲೋಹದ ಮೇಲ್ಮೈಗೆ ಸಮೀಪದಲ್ಲಿ ಗುಳ್ಳೆ ಕುಸಿಯುವಾಗ ಅದು ಎಲ್ಲ ಕಡೆಯಿಂದಲೂ ಸಮನಾಗಿ ಕುಗ್ಗುವುದಿಲ್ಲ. ಲೋಹದ ಕಡೆಯಿಂದ ನೀರು ಬರಲು ಅವಕಾಶ ಕಡಿಮೆ ಇರುವುದರಿಂದ ಎದುರು ಬದಿಯ ನೀರು ಗುಳ್ಳೆಯನ್ನು ಭೇದಿಸಿ, ಸೂಜಿಯಂತಹ ಸಣ್ಣ ಧಾರೆಯಾಗಿ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಲೋಹಕ್ಕೆ ಬಡಿಯುತ್ತದೆ. ಒಂದು ಗುಳ್ಳೆಯ ಪೆಟ್ಟು ಅತಿ ಸಣ್ಣ ಜಾಗಕ್ಕೆ ಸೀಮಿತವಾದರೂ ಗುಳ್ಳೆಗಳು ಒಂದರ ಹಿಂದೊಂದು ಬಂದು ಅದೇ ಜಾಗಕ್ಕೆ ಬಡಿಯುತ್ತಿದ್ದಲ್ಲಿ ಎರಕದ ಕಬ್ಬಿಣ, ಕಂಚು, ಉಕ್ಕು ಎಲ್ಲವೂ ಕಾಲಕ್ರಮೇಣ ಆಯಾಸಗೊಂಡು ಚೂರುಚೂರಾಗಿ ಉದುರುತ್ತವೆ. ಪಂಪಿನಿಂದ ಕೇಳಿಬರುವ ಜಲ್ಲಿಕಲ್ಲಿನ ಸದ್ದು ಕಲ್ಲಿನದಲ್ಲ, ಈ ಗುಳ್ಳೆಗಳು ಕುಸಿಯುವ ಸದ್ದಾಗಿರುತ್ತದೆ.

ಈ ವಿದ್ಯಮಾನವು ಮೊದಲು ಇಂಜಿನಿಯರುಗಳ ಗಮನ ಸೆಳೆದಿದ್ದು ಹಡಗುಗಳಲ್ಲಿ. 1890ರ ದಶಕದಲ್ಲಿ ಬ್ರಿಟನ್ನಿನ ಡೇರಿಂಗ್ ಎಂಬ ಯುದ್ಧನೌಕೆಯು ಇಂಜಿನ್ ಶಕ್ತಿ ಸಾಕಷ್ಟಿದ್ದರೂ ನಿರೀಕ್ಷಿತ ವೇಗವನ್ನು ತಲುಪಲಿಲ್ಲ. ಟರ್ಬೀನಿಯಾ ಎಂಬ ನೌಕೆಯನ್ನು ನಿರ್ಮಿಸಿದ ಚಾರ್ಲ್ಸ್ ಪಾರ್ಸನ್ಸ್‌ಗೂ 1894ರಲ್ಲಿ ಇದೇ ತೊಡಕು ಎದುರಾಯಿತು. ಪ್ರೊಪೆಲ್ಲರಿನ ಸುತ್ತ ನೀರಿನ ಬದಲು ಆವಿ ತುಂಬಿದ್ದುದೇ ಕಾರಣವೆಂದು ಅರಿತು, ಆತನು ಒಂದು ದಂಡದ ಬದಲು ಮೂರು ದಂಡಗಳಲ್ಲಿ ಒಟ್ಟು ಒಂಬತ್ತು ಪ್ರೊಪೆಲ್ಲರುಗಳನ್ನು ಅಳವಡಿಸಿ ಹೊರೆಯನ್ನು ಹಂಚಿದನು. 1897ರಲ್ಲಿ ಆ ನೌಕೆಯು ಸುಮಾರು 34 ನಾಟ್ ವೇಗದಲ್ಲಿ ಸಾಗಿ ತೋರಿಸಿತು. ಇಂಜಿನ್ ಶಕ್ತಿಯ ಕೊರತೆ ಇಲ್ಲದಿದ್ದರೂ ನೀರು ಒಡೆದರೆ ಕೆಲಸ ನಡೆಯುವುದಿಲ್ಲ ಎಂಬ ಈ ಪಾಠವು ತೋಟದ ಪಂಪಿಗೂ ಅನ್ವಯಿಸುತ್ತದೆ.

4. ಪಂಪು ನೀರನ್ನು ಎಳೆಯುವುದಿಲ್ಲ

ದಡದ ಮೇಲಿರುವ ಪಂಪು ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ವಾಸ್ತವವಾಗಿ ಪಂಪು ತನ್ನ ನಡುಬಾಯಿಯಲ್ಲಿ ಒತ್ತಡವನ್ನು ತಗ್ಗಿಸುವುದಷ್ಟೇ ಆಗಿದ್ದು, ಹೊರಗಿನ ವಾಯುಮಂಡಲವು ನದಿ ಅಥವಾ ಬಾವಿಯ ನೀರಿನ ಮೇಲ್ಮೈಯನ್ನು ಒತ್ತಿ ಸಕ್ಷನ್ ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಹೀರುವ ಪಂಪುಗಳು ಸುಮಾರು 10 ಮೀಟರಿಗಿಂತ ಆಳದ ನೀರನ್ನು ಎತ್ತಲಾರವು ಎಂಬ ಸಂಗತಿಯನ್ನು ಗ್ಯಾಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರಸ್ತಾಪಿಸಿದನು. ಇದಕ್ಕೆ ಕಾರಣ ಗಾಳಿಯ ಭಾರವೇ ಎಂದು ಟಾರಿಚೆಲ್ಲಿ 1644ರಲ್ಲಿ ವಿವರಿಸಿದನು.

ಸಮುದ್ರಮಟ್ಟದಲ್ಲಿ ವಾಯುಮಂಡಲವು ಸುಮಾರು 10.3 ಮೀಟರ್ ಎತ್ತರದ ನೀರಿನ ಸ್ತಂಭವನ್ನು ಹಿಡಿದು ನಿಲ್ಲಿಸಬಲ್ಲದು. ಶಿವಮೊಗ್ಗ ಮತ್ತು ಭದ್ರಾವತಿ ಸಮುದ್ರಮಟ್ಟದಿಂದ ಸುಮಾರು 570 ರಿಂದ 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಆ ಎತ್ತರ ಸುಮಾರು 9.7 ಮೀಟರ್ ಮಾತ್ರ. ಎಷ್ಟೇ ಬೆಲೆಬಾಳುವ ಪಂಪಾದರೂ, ಎಷ್ಟೇ ಅಶ್ವಶಕ್ತಿಯ ಮೋಟಾರಾದರೂ ಈ ಮಿತಿಯನ್ನು ಮೀರಲಾಗದು.

5. ಒತ್ತಡದ ಜಮಾ-ಖರ್ಚು

ಮೇಲ್ಕಂಡ 9.7 ಮೀಟರನ್ನು ಪ್ರಕೃತಿಯು ಒದಗಿಸಿರುವ ಜಮಾ ಮೊತ್ತವೆಂದು ಭಾವಿಸಿದಲ್ಲಿ ಉಳಿದ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಉದಾಹರಣೆಗಾಗಿ ಒಂದು ತೋಟದ ಪಂಪಿನ ಲೆಕ್ಕವನ್ನು ಈ ಕೆಳಗೆ ನೀಡಲಾಗಿದೆ.

ಜಮಾ: ವಾಯುಮಂಡಲದ ಒತ್ತಡ – 9.7 ಮೀಟರ್
ಖರ್ಚು 1: 30 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ – 0.4 ಮೀಟರ್
ಖರ್ಚು 2: ಫುಟ್ ವಾಲ್ವ್, ಬೆಂಡು ಹಾಗೂ ಸಕ್ಷನ್ ಪೈಪಿನ ಘರ್ಷಣೆ – 1.0 ಮೀಟರ್
ಖರ್ಚು 3: ಪಂಪಿನ ನಡುಬಾಯಿಯಲ್ಲಿ ಅಗತ್ಯವಿರುವ ಒತ್ತಡ – 3.0 ಮೀಟರ್
ಖರ್ಚು 4: ಮುಂಜಾಗ್ರತೆಗಾಗಿ ಮೀಸಲು – 0.8 ಮೀಟರ್
ಒಟ್ಟು ಖರ್ಚು – 5.2 ಮೀಟರ್
ಶಿಲ್ಕು: ನೀರಿನ ಮಟ್ಟದಿಂದ ಪಂಪಿನವರೆಗೆ ಇರಬಹುದಾದ ಎತ್ತರ – 4.5 ಮೀಟರ್

ಖರ್ಚು 2 ಮತ್ತು 3ರ ಮೊತ್ತಗಳು ಪೈಪಿನ ಅಳತೆ ಹಾಗೂ ಪಂಪಿನ ಮಾದರಿಗೆ ಅನುಗುಣವಾಗಿ ಬದಲಾಗುತ್ತವೆ. ಖರ್ಚು 3ರ ಮೊತ್ತವನ್ನು ಪಂಪು ತಯಾರಕರು ತಮ್ಮ ತಾಂತ್ರಿಕ ವಿವರ ಪತ್ರದಲ್ಲಿ ಎನ್‌ಪಿಎಸ್‌ಎಚ್ ಎಂಬ ಹೆಸರಿನಲ್ಲಿ ನೀಡಿರುತ್ತಾರೆ.

ಮಳೆಗಾಲದಲ್ಲಿ ನೀರಿನ ಮಟ್ಟವು ಪಂಪಿನಿಂದ 3 ಮೀಟರ್ ಕೆಳಗಿದ್ದಲ್ಲಿ ಮೇಲಿನ ಪಂಪು ಯಾವುದೇ ತೊಂದರೆಯಿಲ್ಲದೆ ನಡೆಯುತ್ತದೆ. ಅದೇ ಏಪ್ರಿಲ್ ತಿಂಗಳಲ್ಲಿ ನೀರು 7 ಮೀಟರ್ ಕೆಳಗಿಳಿದಲ್ಲಿ ಲೆಕ್ಕದಲ್ಲಿ 2.5 ಮೀಟರ್ ಕೊರತೆ ಬೀಳುತ್ತದೆ. ಮೀಸಲಿನ 0.8 ಮೀಟರನ್ನು ಬಳಸಿಕೊಂಡರೂ 1.7 ಮೀಟರ್ ಕೊರತೆ ಉಳಿಯುತ್ತದೆ. ಈ ಕೊರತೆಯನ್ನು ತುಂಬಲು ಬೇರೆ ಮೂಲವಿಲ್ಲದ ಕಾರಣ ನೀರು ಪಂಪಿನ ಬಾಯಿಯಲ್ಲಿಯೇ ಕುದಿದು ಗುಳ್ಳೆಗಟ್ಟುತ್ತದೆ. ಪಂಪು ಕೆಟ್ಟಿರುವುದಿಲ್ಲ, ಲೆಕ್ಕ ತಪ್ಪಿರುತ್ತದೆ.

6. ಅಶ್ವಶಕ್ತಿ ಹೆಚ್ಚಿಸಿದಲ್ಲಿ ಪ್ರಯೋಜನವಿದೆಯೇ?

ಮೇಲಿನ ಲೆಕ್ಕದಲ್ಲಿ ಮೋಟಾರಿನ ಅಶ್ವಶಕ್ತಿಗೆ ಜಮಾ ಬದಿಯಲ್ಲಿ ಸ್ಥಾನವೇ ಇಲ್ಲದಿರುವುದನ್ನು ಗಮನಿಸಬಹುದು. ಅಶ್ವಶಕ್ತಿಯು ಪಂಪಿನಿಂದ ಮುಂದಕ್ಕೆ ನೀರನ್ನು ಎಷ್ಟು ಎತ್ತರಕ್ಕೆ, ಎಷ್ಟು ಪ್ರಮಾಣದಲ್ಲಿ ತಳ್ಳಬಹುದೆಂಬುದನ್ನು ನಿರ್ಧರಿಸುತ್ತದೆಯೇ ಹೊರತು ಹಿಂದಿನಿಂದ ನೀರು ಬರುವುದನ್ನಲ್ಲ.

ದೊಡ್ಡ ಪಂಪು ಹೆಚ್ಚು ನೀರನ್ನು ಬೇಡುವುದರಿಂದ ಖರ್ಚಿನ ಬದಿಯು ಹಿಗ್ಗುತ್ತದೆ. ಅದೇ ಪೈಪಿನಲ್ಲಿ ಹರಿವು ಕಾಲು ಭಾಗದಷ್ಟು ಹೆಚ್ಚಿದಲ್ಲಿ ಘರ್ಷಣೆಯ ಖರ್ಚು 1.0 ಮೀಟರಿನಿಂದ ಸುಮಾರು 1.6 ಮೀಟರಿಗೆ ಏರುತ್ತದೆ. ಪಂಪಿನ ಬಾಯಿಯಲ್ಲಿ ಅಗತ್ಯವಿರುವ ಒತ್ತಡವು 3.0 ಮೀಟರಿನಿಂದ 4.0 ಮೀಟರಿಗೆ ಏರಿತೆಂದು ಭಾವಿಸಿದಲ್ಲಿ ಶಿಲ್ಕು 4.5 ಮೀಟರಿನಿಂದ 2.9 ಮೀಟರಿಗೆ ಇಳಿಯುತ್ತದೆ. ಹೊಸ ಮೋಟಾರಿನ ಬೆಲೆ, ಹೆಚ್ಚುವರಿ ಹೊರೆಗೆ ಸಂಬಂಧಿಸಿದ ಶುಲ್ಕ, ವೈರಿಂಗ್ ಬದಲಾವಣೆ ಇವೆಲ್ಲ ವೆಚ್ಚವಾದ ನಂತರವೂ ಅಡಿಕೆ ಗಿಡಗಳಿಗೆ ನೀರು ಸಿಗದಿರುವ ಸ್ಥಿತಿ ಒದಗುವುದು ಹೀಗೆ. ಆದುದರಿಂದ ಹೊರೆ ಹೆಚ್ಚಳಕ್ಕೆ ಅರ್ಜಿ ಸಲ್ಲಿಸುವ ಮುನ್ನ ಸಕ್ಷನ್ ಬದಿಯನ್ನು ಪರಿಶೀಲಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತವಾಗಿರುತ್ತದೆ.

ಲೆಕ್ಕವನ್ನು ಸರಿದೂಗಿಸಲು ಇರುವ ಮಾರ್ಗಗಳು ಈ ಕೆಳಕಂಡಂತಿವೆ:

(ಅ) ಪಂಪನ್ನು ನೀರಿನ ಮಟ್ಟಕ್ಕೆ ಸಮೀಪ ಇಳಿಸುವುದು. ಬಾವಿಯಲ್ಲಿ ಕೆಳಗೆ ಕಟ್ಟೆ ಕಟ್ಟಿ ಪಂಪು ಕೂರಿಸುವ ಹಳೆಯ ಪದ್ಧತಿಯ ಹಿಂದೆ ಇದೇ ಕಾರಣವಿದೆ.

(ಆ) ಸಕ್ಷನ್ ಪೈಪಿನ ವ್ಯಾಸ ಹೆಚ್ಚಿಸುವುದು. 3 ಇಂಚಿನ ಬದಲು 2 ಇಂಚಿನ ಪೈಪು ಬಳಸಿ ಅಷ್ಟೇ ಪ್ರಮಾಣದ ನೀರು ಹರಿಸಿದಲ್ಲಿ ಪೈಪಿನ ಘರ್ಷಣೆ ಸುಮಾರು 7 ಪಟ್ಟು ಹೆಚ್ಚುತ್ತದೆ.

(ಇ) ಸಕ್ಷನ್ ಪೈಪನ್ನು ಆದಷ್ಟು ಚಿಕ್ಕದಾಗಿಯೂ ನೇರವಾಗಿಯೂ ಇರಿಸಿ ಬೆಂಡುಗಳನ್ನು ಕಡಿಮೆ ಮಾಡುವುದು; ಫುಟ್ ವಾಲ್ವಿನ ಜಾಲರಿಯಲ್ಲಿ ಸಿಲುಕಿದ ಎಲೆ, ಕಸವನ್ನು ತೆಗೆಯುವುದು.

(ಈ) ನೀರಿನ ಮಟ್ಟ 6–7 ಮೀಟರಿಗಿಂತ ಕೆಳಗಿಳಿಯುವ ಕಡೆಗಳಲ್ಲಿ ನೀರಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಬಳಸುವುದು. ಇದರಲ್ಲಿ ಪಂಪಿನ ಬಾಯಿಯ ಮೇಲೆ ವಾಯುಮಂಡಲದ ಜೊತೆಗೆ ನೀರಿನ ಭಾರವೂ ಇರುವುದರಿಂದ ಜಮಾ ಮೊತ್ತ ಹೆಚ್ಚುತ್ತದೆ. ಆದರೆ ಕೊಳವೆಬಾವಿಯ ನೀರಿನ ಮಟ್ಟ ಪಂಪಿನ ಬಾಯಿಯವರೆಗೆ ಇಳಿದಲ್ಲಿ ಈ ಅನುಕೂಲವು ಇಲ್ಲವಾಗುತ್ತದೆ.

7. ಕ್ಯಾವಿಟೇಷನ್ನಿನ ಲಕ್ಷಣಗಳು

(ಅ) ಪಂಪಿನೊಳಗೆ ಜಲ್ಲಿ ಅಥವಾ ಗೋಲಿ ಉರುಳಿದಂತಹ ನಿರಂತರ ಸದ್ದು ಮತ್ತು ಅದುರುವಿಕೆ.

(ಆ) ಮೋಟಾರು ಎಂದಿನ ವೇಗದಲ್ಲಿ ತಿರುಗುತ್ತಿದ್ದರೂ ನೀರಿನ ಪ್ರಮಾಣ ಕಡಿಮೆಯಾಗುವುದು. ಒತ್ತಡ ಮಾಪಕದ ಮುಳ್ಳು ನಿಲ್ಲದೆ ಅಲುಗಾಡುವುದು.

(ಇ) ಪಂಪು ಬಿಚ್ಚಿದಾಗ ಇಂಪೆಲ್ಲರ್ ರೆಕ್ಕೆಗಳ ಒಳಅಂಚಿನ ಬಳಿ ಜೇನುಗೂಡಿನಂತೆ ಗುಳಿಬಿದ್ದ ಒರಟು ಮೇಲ್ಮೈ ಕಾಣುವುದು. ಮರಳಿನಿಂದ ಸವೆದ ಲೋಹ ನುಣುಪಾಗಿ ಗೀರು ಬಿದ್ದಿರುತ್ತದೆ. ತುಕ್ಕು ಹಿಡಿದ ಲೋಹ ಹಕ್ಕಳೆಯಾಗಿ ಏಳುತ್ತದೆ. ಈ ವ್ಯತ್ಯಾಸವನ್ನು ಗಮನಿಸಿದಲ್ಲಿ ಹಾನಿಯ ಕಾರಣ ತಿಳಿಯುತ್ತದೆ.

(ಈ) ಪಂಪಿನಿಂದ ಹೊರಹೋಗುವ ಬದಿಯ ವಾಲ್ವನ್ನು ಸ್ವಲ್ಪ ಮುಚ್ಚಿದಾಗ ಸದ್ದು ತಗ್ಗಿದಲ್ಲಿ ಅದು ಬಹುತೇಕ ಕ್ಯಾವಿಟೇಷನ್ ಆಗಿರುತ್ತದೆ. ಹರಿವು ಕಡಿಮೆಯಾದಂತೆ ಖರ್ಚಿನ ಬದಿ ಕುಗ್ಗುವುದೇ ಇದಕ್ಕೆ ಕಾರಣ. ಸಕ್ಷನ್ ಬದಿಯ ವಾಲ್ವನ್ನು ಯಾವ ಕಾರಣಕ್ಕೂ ಭಾಗಶಃ ಮುಚ್ಚಿ ಪಂಪು ನಡೆಸಬಾರದು.

ಲಾರಿ ಮತ್ತು ಟ್ರಾಕ್ಟರುಗಳ ಡೀಸೆಲ್ ಇಂಜಿನ್ನಿನಲ್ಲಿಯೂ ಇಂತಹ ಗುಳಿಗಳು ಕಾಣುತ್ತವೆ. ಸಿಲಿಂಡರ್ ಲೈನರ್ ಅದುರುವಾಗ ಅದಕ್ಕೆ ತಾಗಿದ ತಂಪುನೀರಿನ ಒತ್ತಡ ಕ್ಷಣಕ್ಷಣಕ್ಕೂ ಏರಿಳಿದು, ಲೈನರಿನ ಹೊರಮೈಯಲ್ಲಿ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. ಬರಿಯ ನೀರಿನ ಬದಲು ತಯಾರಕರು ಸೂಚಿಸಿದ ಕೂಲೆಂಟ್ ಬಳಸಬೇಕೆಂಬ ಸೂಚನೆಗೆ ಇದೂ ಒಂದು ಕಾರಣವಾಗಿದೆ.

8. ವಿದ್ಯುತ್ ಹಠಾತ್ತನೆ ನಿಂತಾಗ

ಉದ್ದವಾದ ಕೊಳವೆಮಾರ್ಗದಲ್ಲಿ ನೀರು ಸಾಗುತ್ತಿರುವಾಗ ವಿದ್ಯುತ್ ನಿಂತಲ್ಲಿ ಪಂಪು ಕೆಲವೇ ಕ್ಷಣಗಳಲ್ಲಿ ನಿಲ್ಲುತ್ತದೆ. ಆದರೆ ಕೊಳವೆಯಲ್ಲಿರುವ ಟನ್ನುಗಟ್ಟಲೆ ನೀರು ತನ್ನ ವೇಗದಿಂದಾಗಿ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಹಿಂದಿನಿಂದ ನೀರು ಬಾರದ ಕಾರಣ ಪಂಪಿನ ಮುಂದೆ ಹಾಗೂ ಕೊಳವೆಮಾರ್ಗದ ಎತ್ತರದ ತಿರುವುಗಳಲ್ಲಿ ಒತ್ತಡವು ಆವಿಯ ಒತ್ತಡದವರೆಗೆ ಇಳಿದು, ನೀರಿನ ಸ್ತಂಭವೇ ತುಂಡಾಗಿ ನಡುವೆ ಆವಿಯ ಕುಹರ ಉಂಟಾಗುತ್ತದೆ. ನಂತರ ನೀರು ಹಿಂದಿರುಗಿ ಬಂದು ಆ ಕುಹರ ಮುಚ್ಚಿಕೊಳ್ಳುವಾಗ ಎರಡು ನೀರಿನ ಸ್ತಂಭಗಳು ಡಿಕ್ಕಿ ಹೊಡೆಯುತ್ತವೆ.

ಈ ಹೊಡೆತದ ಪ್ರಮಾಣವನ್ನು ರಷ್ಯಾದ ವಿಜ್ಞಾನಿ ಜೂಕೊವ್‌ಸ್ಕಿ 1898ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ನಡೆಸಿದ ಅಧ್ಯಯನದಿಂದ ನಿರೂಪಿಸಿದನು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುವ ನೀರು ಹಠಾತ್ತನೆ ನಿಂತಲ್ಲಿ 100 ಮೀಟರಿಗೂ ಅಧಿಕ ಎತ್ತರದ ನೀರಿನ ಸ್ತಂಭಕ್ಕೆ ಸಮನಾದ ಒತ್ತಡ ಉಂಟಾಗುತ್ತದೆ. ನೀರು ಸರಬರಾಜು ಮಾರ್ಗಗಳಲ್ಲಿ ಏರ್ ವಾಲ್ವ್, ಹಿಂಹರಿವು ತಡೆಯುವ ವಾಲ್ವ್ ಮುಂತಾದ ರಕ್ಷಣಾ ಸಾಧನಗಳನ್ನು ಅಳವಡಿಸುವುದು ಈ ಕಾರಣಕ್ಕಾಗಿಯೇ ಆಗಿರುತ್ತದೆ. ರಸ್ತೆ ಬದಿಯ ಏರ್ ವಾಲ್ವುಗಳನ್ನು ತೆರೆದು ನೀರು ಹಿಡಿಯುವುದು ಅಥವಾ ಅವುಗಳನ್ನು ಹಾಳುಮಾಡುವುದರಿಂದ ಕೊಳವೆ ಒಡೆದು ಇಡೀ ಬಡಾವಣೆಗೆ ನೀರು ನಿಲ್ಲುವ ಸಂಭವವಿರುತ್ತದೆ. ತೋಟದ ಪಂಪು ನಿಲ್ಲಿಸುವಾಗಲೂ ಹೊರಹರಿವಿನ ವಾಲ್ವನ್ನು ನಿಧಾನವಾಗಿ ಮುಚ್ಚಿ ನಂತರ ಮೋಟಾರು ಆರಿಸುವುದು ಒಳಿತು.

9. ನಲ್ಲಿ ಸಂಪರ್ಕಕ್ಕೆ ನೇರವಾಗಿ ಮೋಟಾರು ಅಳವಡಿಸುವ ಬಗ್ಗೆ

ನಗರ ಸ್ಥಳೀಯ ಸಂಸ್ಥೆಯ ಕೊಳವೆಗೆ ನೇರವಾಗಿ ಮೋಟಾರು ಅಳವಡಿಸಿ ನೀರು ಎಳೆಯಲು ಅನುಮತಿ ಇರುವುದಿಲ್ಲ. ಇದನ್ನು ನೆರೆಹೊರೆಯವರ ಪಾಲಿನ ನೀರಿನ ಪ್ರಶ್ನೆಯೆಂದು ಮಾತ್ರ ಭಾವಿಸಲಾಗುತ್ತಿದೆ. ಅದು ನಿಜವಾದರೂ ಇದಕ್ಕಿಂತ ಗಂಭೀರವಾದ ಕಾರಣವೊಂದಿದೆ.

ಕೊಳವೆಯೊಳಗಿನ ಒತ್ತಡವು ಹೊರಗಿನ ಒತ್ತಡಕ್ಕಿಂತ ಹೆಚ್ಚಿರುವವರೆಗೆ, ಎಲ್ಲಿಯಾದರೂ ಸಣ್ಣ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆಯೇ ವಿನಾ ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಮೋಟಾರು ನೇರವಾಗಿ ಎಳೆದಾಗ ಕೊಳವೆಯೊಳಗಿನ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಕೆಳಗಿಳಿಯುತ್ತದೆ. ಆಗ ಚರಂಡಿಯ ಪಕ್ಕ ಹಾದುಹೋಗುವ ಕೊಳವೆಯ ಜೋಡಣೆಗಳಲ್ಲಿ ಸೋರಿಕೆಯಿದ್ದಲ್ಲಿ ಹೊರಗಿನ ಕೊಳಚೆ ನೀರು ಒಳಸೇರುತ್ತದೆ. ಕಾಲರಾ, ವಿಷಮಶೀತಜ್ವರ, ಕಾಮಾಲೆಯಂತಹ ರೋಗಗಳು ಹರಡಲು ಇದು ದಾರಿಯಾಗುತ್ತದೆ. ಮೋಟಾರು ಅಳವಡಿಸಿದ ಮನೆಯಷ್ಟೇ ಅಲ್ಲದೆ ಅದೇ ಮಾರ್ಗದ ಎಲ್ಲ ಮನೆಗಳ ಮಕ್ಕಳೂ ವೃದ್ಧರೂ ಆ ನೀರನ್ನೇ ಕುಡಿಯಬೇಕಾಗುತ್ತದೆ. ಜೊತೆಗೆ, ಬೇಡಿಕೆಯಷ್ಟು ನೀರು ಸಿಗದ ಮೋಟಾರಿನ ಪಂಪು ಕ್ಯಾವಿಟೇಷನ್ನಿಗೆ ಒಳಗಾಗಿ ಬೇಗನೆ ಹಾಳಾಗುತ್ತದೆ.

ಆದುದರಿಂದ ನಲ್ಲಿಯ ನೀರು ತನ್ನ ಒತ್ತಡದಿಂದಲೇ ನೆಲಮಟ್ಟದ ಸಂಪಿಗೆ ಬಿದ್ದು, ಸಂಪಿನಿಂದ ಮೇಲ್ತೊಟ್ಟಿಗೆ ಪಂಪು ಮಾಡುವ ವ್ಯವಸ್ಥೆಯೇ ಸರಿಯಾದುದು. ಪಂಪನ್ನು ಸಂಪಿನ ಪಕ್ಕದಲ್ಲಿಯೇ ಇರಿಸಿದಲ್ಲಿ ಸಕ್ಷನ್ ಎತ್ತರ 2–3 ಮೀಟರಿನೊಳಗೆ ಉಳಿದು ಪಂಪೂ ಬಾಳಿಕೆ ಬರುತ್ತದೆ.

10. ಅಣೆಕಟ್ಟು, ವಿದ್ಯುದಾಗಾರ ಹಾಗೂ ಕಾರ್ಖಾನೆಗಳಲ್ಲಿ

ಮನೆಯ ಪಂಪಿನಲ್ಲಿ ನಡೆಯುವ ಈ ಕ್ರಿಯೆಯು ದೊಡ್ಡ ಕಾಮಗಾರಿಗಳ ವಿನ್ಯಾಸವನ್ನೂ ನಿರ್ಧರಿಸುತ್ತದೆ. ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಅಣೆಕಟ್ಟಿನ ಪೂರ್ಣಮಟ್ಟ 186 ಅಡಿ. ಇಂತಹ ಎತ್ತರದ ಅಣೆಕಟ್ಟುಗಳಲ್ಲಿ ತೂಬಿನ ಗೇಟನ್ನು ಸ್ವಲ್ಪವೇ ಎತ್ತಿದಾಗ ಅದರಡಿಯಿಂದ ನೀರು ಅತಿ ವೇಗದಿಂದ ನುಗ್ಗಿ ಗೇಟಿನ ಹಿಂಬದಿಯಲ್ಲಿ ಒತ್ತಡ ಕುಸಿಯುತ್ತದೆ. ಇದನ್ನು ತಡೆಯಲು ಗೇಟಿನ ಹಿಂಬದಿಗೆ ಹೊರಗಿನ ಗಾಳಿಯನ್ನು ತರುವ ಕೊಳವೆಗಳನ್ನು ಇಡುವುದು ಅಣೆಕಟ್ಟು ವಿನ್ಯಾಸದ ಸಾಮಾನ್ಯ ಕ್ರಮವಾಗಿದೆ. ಅಮೆರಿಕದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಲ್ಲಿ 1983ರ ಪ್ರವಾಹ ಕಾಲದಲ್ಲಿ ಕೋಡಿಯ ಸುರಂಗದ ಕಾಂಕ್ರೀಟನ್ನು ಕ್ಯಾವಿಟೇಷನ್ ಕಿತ್ತುಹಾಕಿ, ಕೆಳಗಿನ ಬಂಡೆಯಲ್ಲಿಯೂ ಭಾರೀ ಗುಂಡಿ ಉಂಟಾಯಿತು. ದುರಸ್ತಿಯ ವೇಳೆ ಸುರಂಗದಲ್ಲಿ ನೀರಿಗೆ ಗಾಳಿ ಬೆರೆಯುವಂತೆ ತೋಡುಗಳನ್ನು ನಿರ್ಮಿಸಲಾಯಿತು. ಗಾಳಿ ಬೆರೆತ ನೀರು ಮೆತ್ತೆಯಂತೆ ವರ್ತಿಸಿ ಗುಳ್ಳೆಗಳ ಪೆಟ್ಟನ್ನು ತಗ್ಗಿಸುತ್ತದೆ.

ಶಿವಮೊಗ್ಗ ಜಿಲ್ಲೆಯ ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟ್ ಸಾಮರ್ಥ್ಯದ 10 ಘಟಕಗಳಿದ್ದು, ಪೆಲ್ಟನ್ ಮಾದರಿಯ ಟರ್ಬೈನುಗಳನ್ನು ಬಳಸಲಾಗಿದೆ. ಈ ಮಾದರಿಯಲ್ಲಿ ನೀರಿನ ಧಾರೆಯು ತೆರೆದ ಗಾಳಿಯಲ್ಲಿ ಚಕ್ರಕ್ಕೆ ಬಡಿಯುತ್ತದೆ. ನೀರಿನಲ್ಲಿ ಮುಳುಗಿ ತಿರುಗುವ ಫ್ರಾನ್ಸಿಸ್ ಹಾಗೂ ಕಪ್ಲಾನ್ ಮಾದರಿಯ ಟರ್ಬೈನುಗಳಲ್ಲಿ ಚಕ್ರದ ಕೆಳಗೆ ಒತ್ತಡ ಕುಸಿಯುವುದರಿಂದ, ಹೊರಹರಿವಿನ ನೀರಿನ ಮಟ್ಟಕ್ಕೆ ಹೋಲಿಸಿ ಚಕ್ರವನ್ನು ಎಷ್ಟು ತಗ್ಗಿನಲ್ಲಿ ಕೂರಿಸಬೇಕೆಂಬುದನ್ನು ಕ್ಯಾವಿಟೇಷನ್ ಲೆಕ್ಕಾಚಾರದಿಂದಲೇ ನಿಗದಿಪಡಿಸಲಾಗುತ್ತದೆ.

ಭದ್ರಾವತಿಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪನೆಗೊಂಡ ಕಾಗದ ಕಾರ್ಖಾನೆಗಳಿಂದ ಬೆಳೆದ ಪಟ್ಟಣ. ಬಾಯ್ಲರುಗಳಿರುವ ಕಾರ್ಖಾನೆಗಳಲ್ಲಿ ಬಿಸಿನೀರಿನ ತೊಟ್ಟಿಯನ್ನು ಎತ್ತರದಲ್ಲಿಯೂ, ಬಾಯ್ಲರಿಗೆ ನೀರೂಡುವ ಪಂಪನ್ನು ಅದರ ಕೆಳಗೂ ಇಡುವ ಪದ್ಧತಿಯನ್ನು ಕೆಲಸ ಬಲ್ಲವರು ಕಂಡಿರುತ್ತಾರೆ. 80 ಡಿಗ್ರಿಯ ನೀರಿಗೆ ಆವಿಯ ಒತ್ತಡವೇ 5 ಮೀಟರಿನಷ್ಟು ಖರ್ಚಾಗುವುದರಿಂದ ಬಿಸಿನೀರನ್ನು ಕೆಳಗಿನಿಂದ ಹೀರಲು ಹೊರಟಲ್ಲಿ ಶಿಲ್ಕು ಉಳಿಯುವುದಿಲ್ಲ. ಅಕ್ಕಿ ಗಿರಣಿ, ಹೋಟೆಲು, ಸಣ್ಣ ಕೈಗಾರಿಕೆಗಳಲ್ಲಿ ಬಿಸಿನೀರಿನ ಪಂಪು ಅಳವಡಿಸುವವರು ಇದನ್ನು ಗಮನಿಸಬೇಕು.

ಕ್ಯಾವಿಟೇಷನ್ನಿನಿಂದ ಉಪಯೋಗವೂ ಇದೆ. ಕನ್ನಡಕ ಹಾಗೂ ಆಭರಣ ಶುಚಿಗೊಳಿಸುವ ಶ್ರವಣಾತೀತ ಶಬ್ದದ ತೊಟ್ಟಿಗಳಲ್ಲಿ ಸಣ್ಣ ಗುಳ್ಳೆಗಳ ಕುಸಿತವೇ ಸಂದುಗಳ ಕೊಳೆಯನ್ನು ಬಿಡಿಸುತ್ತದೆ. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದ ಆಘಾತ ತರಂಗಗಳ ಮೂಲಕ ಪುಡಿಮಾಡುವ ಚಿಕಿತ್ಸೆಯಲ್ಲಿಯೂ ಇದರ ಪಾತ್ರವಿರುತ್ತದೆ.

11. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಬೇಸಿಗೆಯ ಅತ್ಯಂತ ಕಡಿಮೆ ನೀರಿನ ಮಟ್ಟದಿಂದ ಪಂಪಿನ ನಡುಮಟ್ಟದವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳುವುದು. ಮಳೆಗಾಲದ ಅಳತೆಯನ್ನು ಆಧಾರವಾಗಿ ಪರಿಗಣಿಸಬಾರದು.

(ಆ) ಪಂಪು ಖರೀದಿಸುವಾಗ ಅಶ್ವಶಕ್ತಿಯ ಜೊತೆಗೆ ಸಕ್ಷನ್ ಎತ್ತರದ ಮಿತಿ ಹಾಗೂ ಎನ್‌ಪಿಎಸ್‌ಎಚ್ ವಿವರವನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು; ಐಎಸ್‌ಐ ಗುರುತನ್ನು ಪರಿಶೀಲಿಸುವುದು.

(ಇ) ಶಿವಮೊಗ್ಗ ಮಹಾನಗರಪಾಲಿಕೆ ಅಥವಾ ಭದ್ರಾವತಿ ನಗರಸಭೆಯಿಂದ ಹೊಸ ನಲ್ಲಿ ಸಂಪರ್ಕ ಕೋರುವವರು ಮನೆಯ ನಕ್ಷೆಯಲ್ಲಿ ಸಂಪು ಮತ್ತು ಪಂಪಿನ ಸ್ಥಳವನ್ನು ಮೊದಲೇ ಗುರುತಿಸಿಕೊಳ್ಳುವುದು.

(ಈ) ಮೆಸ್ಕಾಂನಿಂದ ಪಂಪ್‌ಸೆಟ್ಟಿನ ಹೊರೆ ಹೆಚ್ಚಳ ಕೋರುವವರು, 7ನೇ ಕಂಡಿಕೆಯಲ್ಲಿ ತಿಳಿಸಿದ ಲಕ್ಷಣಗಳಿದ್ದಲ್ಲಿ ಮೊದಲು ಸಕ್ಷನ್ ಬದಿಯ ದೋಷವನ್ನು ಸರಿಪಡಿಸಿ ನೋಡುವುದು.

(ಉ) ನಾಲೆಯಿಂದ ಅನುಮತಿ ಪಡೆಯದೆ ನೀರೆತ್ತುವುದು ಕರ್ನಾಟಕ ನೀರಾವರಿ ಕಾಯ್ದೆ, 1965ರಡಿ ಅಪರಾಧವಾಗಿದ್ದು, ಪಂಪು ಅಳವಡಿಸುವ ಮುನ್ನವೇ ಸಂಬಂಧಿಸಿದ ನೀರಾವರಿ ಕಚೇರಿಯನ್ನು ಸಂಪರ್ಕಿಸುವುದು.

(ಊ) ಪಂಪು, ಮೋಟಾರು ಬಿಚ್ಚುವ ಮುನ್ನ ವಿದ್ಯುತ್ ಸಂಪರ್ಕವನ್ನು ಕಡ್ಡಾಯವಾಗಿ ಕಡಿತಗೊಳಿಸುವುದು.

ಉಪಸಂಹಾರ

ನೀರನ್ನು ಮುಂದಕ್ಕೆ ತಳ್ಳಲು ಎಷ್ಟು ಶಕ್ತಿಯನ್ನಾದರೂ ಕೊಳ್ಳಬಹುದು. ಹಿಂದಿನಿಂದ ಬರಮಾಡಿಕೊಳ್ಳಲು ಇರುವುದು ವಾಯುಮಂಡಲ ಕೊಟ್ಟ 9.7 ಮೀಟರ್ ಮಾತ್ರ. ಶಿವಮೊಗ್ಗ ಮತ್ತು ಭದ್ರಾವತಿಯ ಪ್ರತಿ ಮನೆಗೂ, ಪ್ರತಿ ತೋಟಕ್ಕೂ ಇದು ಒಂದೇ ಆಗಿರುತ್ತದೆ. ಪಂಪಿನಿಂದ ಜಲ್ಲಿಕಲ್ಲಿನ ಸದ್ದು ಬಂದಾಗ ಹೊಸ ಮೋಟಾರಿಗೆ ಹಣ ಹೂಡುವ ಮುನ್ನ ಅಳತೆ ಪಟ್ಟಿಯೊಂದನ್ನು ತೆಗೆದುಕೊಂಡು ನೀರಿನ ಮಟ್ಟ ಅಳೆಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ಹೆಚ್ಚಿನ ತಾಂತ್ರಿಕ ಸಲಹೆ ಅಗತ್ಯವಿದ್ದಲ್ಲಿ ಸಂಬಂಧಿಸಿದ ಕಚೇರಿಯ ಇಂಜಿನಿಯರುಗಳನ್ನು ಕಚೇರಿ ವೇಳೆಯಲ್ಲಿ ಮೇಲ್ಕಂಡ ಅಳತೆಗಳೊಂದಿಗೆ ಸಂಪರ್ಕಿಸಬಹುದಾಗಿದೆ.